ಬುಲ್ಡೋಜರಿಗೂ ಮುನ್ನ 15 ದಿನ

ಆರೋಪಿಯ ಮನೆಯನ್ನು ಕೆಡವಿದ ದಿನ ಚಪ್ಪಾಳೆ ಜೋರಾಗಿರುತ್ತದೆ. ಕೋರ್ಟು ವರ್ಷಗಟ್ಟಲೆ ಎಳೆಯುವುದನ್ನು ನಾಯಕ ಒಂದೇ ಬೆಳಗಿನಲ್ಲಿ ಮುಗಿಸಿದನೆಂಬ ಸಮಾಧಾನ ಜನಕ್ಕೆ. ಜನಪ್ರಿಯ ರಾಜಕಾರಣ ಇಲ್ಲಿ ಕಾಯ್ದೆಯನ್ನು ಬದಲಿಸುವುದಿಲ್ಲ, ಅದರ ಹಂತಗಳನ್ನು ಹಾರಿಬಿಡುತ್ತದೆ. ವಿಚಾರಣೆಯೇ ನಡೆಯದ ತಪ್ಪಿಗೆ ಆ ಸೂರಿನಡಿಯ ತಾಯಿ, ಮಕ್ಕಳೂ ಶಿಕ್ಷೆ ಉಣ್ಣುತ್ತಾರೆ.

ಮುಂಬಯಿಗೆ ಇದು ಹೊಸದಲ್ಲ. 1981ರ ಜುಲೈಯಲ್ಲಿ, ಸುರಿಯುವ ಮಳೆಯಲ್ಲೇ, ಫುಟ್‌ಪಾತ್ ನಿವಾಸಿಗಳನ್ನು ಎಬ್ಬಿಸಿ ಅವರವರ ಊರಿಗೆ ಅಟ್ಟುವುದಾಗಿ ಅಂದಿನ ಮುಖ್ಯಮಂತ್ರಿ ಎ.ಆರ್. ಅಂತುಳೆ ಘೋಷಿಸಿದರು. ಕಲಬುರಗಿ, ಯಾದಗಿರಿಯಿಂದ ಇಲ್ಲಿಗೆ ದುಡಿಯಲು ಬಂದವರಿಗೆ ಆ ಮಾತಿನ ಬಿಸಿ ಬಿಡಿಸಿ ಹೇಳಬೇಕಿಲ್ಲ. ಈ ತೆರವಿನ ವಿರುದ್ಧ ಪತ್ರಕರ್ತೆ ಓಲ್ಗಾ ಟೆಲ್ಲಿಸ್ ಮತ್ತಿತರರು ಹೂಡಿದ ಪ್ರಕರಣದ 1985ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲಿ ಜೀವನೋಪಾಯವೂ ಸೇರಿದೆ ಎಂದಿತು. ಪಾಲಿಕೆ ಕಾಯ್ದೆಯ 314ನೇ ಕಲಮು ನೋಟಿಸಿಲ್ಲದೆ ತೆರವು ಮಾಡಲು ಅವಕಾಶ ಕೊಟ್ಟರೂ ಸಾಮಾನ್ಯವಾಗಿ ನೋಟಿಸ್ ಕೊಡಲೇಬೇಕು ಎಂದೂ ಹೇಳಿತು. ಆದರೆ ತೆರವನ್ನು ತಡೆಯಲಿಲ್ಲ, ಮಳೆಗಾಲ ಕಳೆಯುವವರೆಗೆ ಮುಂದೂಡಿತಷ್ಟೆ.

ಬುಲ್ಡೋಜರ್ ತೆರವಿನ ಬಗ್ಗೆ ಸುಪ್ರೀಂ ಕೋರ್ಟಿನ 2024ರ ನವೆಂಬರ್ 13ರ ತೀರ್ಪು ಹಂತಗಳನ್ನು ಬಿಡಿಬಿಡಿಯಾಗಿ ಬರೆದಿದೆ. ನೋಟಿಸ್ ರಿಜಿಸ್ಟರ್ಡ್ ಅಂಚೆಯಲ್ಲಿ ಬರಬೇಕು, ಗೋಡೆಗೂ ಅಂಟಿಸಬೇಕು. ಕೈಸೇರಿದ ದಿನದಿಂದ 15 ದಿನ, ಸ್ಥಳೀಯ ಕಾಯ್ದೆ ಹೆಚ್ಚು ಕೊಟ್ಟಿದ್ದರೆ ಅಷ್ಟು ಕಾಯಬೇಕು. ಹಳೆಯ ತಾರೀಖು ಹಾಕುವ ಚಾಳಿಗೆ ಕಡಿವಾಣವಾಗಿ ನೋಟಿಸ್ ಕೊಟ್ಟ ದಿನವೇ ಜಿಲ್ಲಾಧಿಕಾರಿಗೆ ಇಮೇಲ್ ಹೋಗಬೇಕು. ಖುದ್ದು ಅಹವಾಲು ಕೇಳಿ ನಡಾವಳಿ ಬರೆಯಬೇಕು. ಒಂದು ಭಾಗ ಸಕ್ರಮವಾಗುವಂತಿದ್ದರೂ ಇಡೀ ಮನೆಯನ್ನೇಕೆ ಕೆಡವಬೇಕು ಎಂಬುದಕ್ಕೆ ಆದೇಶದಲ್ಲಿ ಕಾರಣವಿರಬೇಕು. ಆದೇಶದ ನಂತರ ಮತ್ತೆ 15 ದಿನ, ಕೆಡವುವಾಗ ವಿಡಿಯೊ. ಮೀರಿದ ಅಧಿಕಾರಿಯ ಮೇಲೆ ನ್ಯಾಯಾಂಗ ನಿಂದನೆ, ಜೊತೆಗೆ ಮರುನಿರ್ಮಾಣದ ಖರ್ಚು ಅವರ ಜೇಬಿನಿಂದಲೇ.

ನಮ್ಮವರು ಎಡವುವುದು ನೋಟಿಸಿಗೆ ಉತ್ತರ ಕೊಡುವುದರಲ್ಲಿ. ನಗರಸೇವಕರ (ಕಾರ್ಪೊರೇಟರರ) ಬಾಯಿಮಾತಿನ ಭರವಸೆ ನಂಬಿ ದಿನ ಕಳೆಯುತ್ತಾರೆ; ಆ ಮಾತಿಗೆ ಕೋರ್ಟಿನಲ್ಲಿ ಕಿಮ್ಮತ್ತಿಲ್ಲ. ಅಂಟಿಸಿದ ನೋಟಿಸಿನ ಫೋಟೊ ತೆಗೆಯಿರಿ, ಅಂಚೆ ಲಕೋಟೆ ಎಸೆಯಬೇಡಿ. ಫೋಟೊಪಾಸ್ (ಜೋಪಡಿವಾಸಿಯ ಗುರುತಿನ ಚೀಟಿ), ಹಳೆಯ ಲೈಟ್ ಬಿಲ್, ರೇಷನ್ ಕಾರ್ಡಿನ ಪ್ರತಿ ಲಗತ್ತಿಸಿ ವಾರ್ಡ್ ಕಚೇರಿಗೆ ಲಿಖಿತ ಉತ್ತರ ಕೊಡಿ. ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಶಿಕ್ಕಾ ಬೀಳದೆ ಅಲ್ಲಿಂದ ಕದಲಬೇಡಿ.

ರಸ್ತೆ, ಫುಟ್‌ಪಾತ್, ರೈಲು ಹಳಿಯ ಪಕ್ಕ, ನದಿ ಮತ್ತು ಜಲಮೂಲಗಳ ಅತಿಕ್ರಮಣಕ್ಕೆ 2024ರ ನಿರ್ದೇಶನಗಳು ಅನ್ವಯಿಸುವುದಿಲ್ಲ. ಕೋರ್ಟೇ ಕೆಡವಲು ಆದೇಶಿಸಿದ್ದರೂ ಅಷ್ಟೆ. ಹಳಿಯ ಪಕ್ಕದ ಜೋಪಡಿಯವರು 15 ದಿನವನ್ನು ನೆಚ್ಚಿ ಕೂರದೆ, ತೆರವಿಗೆ ಗುರುತು ಹಾಕಲು ಸಿಬ್ಬಂದಿ ಬಂದ ದಿನವೇ 1985ರ ತೀರ್ಪನ್ನು ಹಿಡಿದು ವಕೀಲರನ್ನು ಕಾಣಬೇಕು.