ಯೆಜ್ಡಿಯ ಎಡಗಡೆ ಕವರ್ ಸೋರಿದರೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಅಲ್ಲಿಂದ ಬಂದ ಜಾವಾ, ಯೆಜ್ಡಿ ಬೈಕ್‌ಗಳು ಇನ್ನೂ ಓಡುತ್ತಿವೆ, ನಿಂತಲ್ಲೆಲ್ಲ ಎಣ್ಣೆ ತೊಟ್ಟಿಕ್ಕಿಸುತ್ತಿವೆ. ‘ಹಳೇ ಗಾಡಿ, ಸೋರದೆ ಇರುತ್ತದೆಯೇ’ ಎಂದು ಸುಮ್ಮನಾಗಬೇಕಿಲ್ಲ.

ಕ್ಲಚ್, ಪ್ರೈಮರಿ ಚೈನ್ (ಎಂಜಿನ್ನಿನಿಂದ ಕ್ಲಚ್‌ಗೆ ಶಕ್ತಿ ಒಯ್ಯುವ ಸರಪಳಿ), ಗೇರ್‌ಬಾಕ್ಸ್ ಎಲ್ಲಕ್ಕೂ ಇಲ್ಲಿ ಒಂದೇ ಎಣ್ಣೆ. ಕ್ಲಚ್, ಚೈನ್ ಮುಚ್ಚುವ ಎಂಜಿನ್ನಿನ ಎಡಗಡೆ ಕವರ್ ಸೋರಲು ಮುಖ್ಯ ಕಾರಣ ಅಂಚು ಸಮತಟ್ಟಾಗಿಲ್ಲದಿರುವುದು. ಯಾರೋ ಸ್ಕ್ರೂಡ್ರೈವರ್ ತೂರಿಸಿ ಮೀಟಿದ ಗಾಯ ಅಲ್ಲಿರುತ್ತದೆ, ಅದರ ಮೇಲೆ ಬೆರಳು ದಪ್ಪ ಸಿಲಿಕಾನ್ ಸೀಲೆಂಟ್ (ಸಂದು ಮುಚ್ಚುವ ಅಂಟು). ಹೆಚ್ಚಾದ ಸಿಲಿಕಾನ್ ಒಳಕ್ಕೂ ಉಬ್ಬಿ, ತುಂಡಾಗಿ ಎಣ್ಣೆಯಲ್ಲಿ ಸೇರುತ್ತದೆ.

ಮೊದಲು ಸೋರುವ ಜಾಗ ಹುಡುಕಿ. ಎಂಜಿನ್ ತೊಳೆದು ಒಣಗಿಸಿ, ಟಾಲ್ಕಂ ಪೌಡರ್ ಉದುರಿಸಿ, ಹತ್ತು ನಿಮಿಷ ಓಡಿಸಿದರೆ ಒದ್ದೆ ಗೆರೆ ಕಾಣುತ್ತದೆ. ಕಿಕ್ ಶಾಫ್ಟ್ ಹೊರಬರುವಲ್ಲಿ ಒದ್ದೆಯಾದರೆ ಅಲ್ಲಿನ ರಬ್ಬರ್ ಬದಲಿಸಿ; ಕವರಿನ ಅಂಚಿಗೆ ಪ್ಯಾಕಿಂಗ್ (ಸಂದಿನಲ್ಲಿ ಕೂರುವ ತೆಳು ಹಾಳೆ) ಎಷ್ಟು ಹಾಕಿದರೂ ಅದು ನಿಲ್ಲದು.

ಜಾಮ್ ಆದ ಸ್ಕ್ರೂಗಳಿಗೆ ಇಂಪ್ಯಾಕ್ಟ್ ಡ್ರೈವರ್ (ಸುತ್ತಿಗೆಯಿಂದ ಹೊಡೆದಾಗ ತಿರುಗುವ ಸ್ಕ್ರೂಡ್ರೈವರ್) ಬಳಸಿ. ಹಳೆಯ ಪ್ಯಾಕಿಂಗನ್ನು ಥಿನ್ನರ್‌ನಲ್ಲಿ ನೆನೆಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯಿರಿ. ದಪ್ಪ ಗಾಜಿನ ಮೇಲೆ 400 ನಂಬರ್ ಎಮರಿ ಹಾಸಿ, ಸೀಮೆಎಣ್ಣೆ ಹನಿಸಿ, ಕವರನ್ನು ಎಂಟರ ಆಕಾರದಲ್ಲಿ ಉಜ್ಜಿ. ಅಂಚಿಗೆ ಮೊದಲೇ ಮಾರ್ಕರ್ ಬಳಿದಿದ್ದರೆ, ಮಸಿ ಉಳಿದಲ್ಲೇ ತಗ್ಗು. ಮಸಿ ಎಲ್ಲ ಕಡೆ ಹೋದ ಕೂಡಲೇ ನಿಲ್ಲಿಸಿ, ಎಮರಿ ಪುಡಿ ಒಂದು ಕಣವೂ ಉಳಿಯದಂತೆ ತೊಳೆಯಿರಿ.

ಪ್ಯಾಕಿಂಗ್ ಶೀಟ್ 0.5 ಮಿ.ಮೀ. ಸಾಕು. ಕವರಿನ ಮೇಲಿಟ್ಟು ಸುತ್ತಿಗೆಯಿಂದ ತಟ್ಟಿ ಕತ್ತರಿಸುವ ಅಭ್ಯಾಸ ಬಿಡಿ, ಈಗಷ್ಟೇ ಸಮ ಮಾಡಿದ ಅಂಚು ಮತ್ತೆ ಹಾಳಾಗುತ್ತದೆ. ಅಚ್ಚು ತೆಗೆದು ಕತ್ತರಿಯಿಂದ ಕತ್ತರಿಸಿ, ರಂಧ್ರಗಳಿಗೆ ಪಂಚ್ ಬಳಸಿ. ಎರಡೂ ಬದಿಗೆ ತೆಳುವಾಗಿ ಗ್ರೀಸ್ ಸವರಿದರೆ ಮುಂದಿನ ಸಲ ಹರಿಯದೆ ಬಿಚ್ಚಿಕೊಳ್ಳುತ್ತದೆ. ಆಳವಾದ ಗಾಯವಿದ್ದಲ್ಲಿ ಮಾತ್ರ ಸೀಲೆಂಟ್, ಅದೂ ನೂಲಿನಷ್ಟು.

ಸ್ಕ್ರೂ ಹಾಕುವ ಮುನ್ನ ರಂಧ್ರದೊಳಗಿನ ಎಣ್ಣೆ ತೆಗೆಯಿರಿ. ತಳ ಮುಚ್ಚಿದ ರಂಧ್ರದಲ್ಲಿ ಎಣ್ಣೆ ನಿಂತಿದ್ದರೆ ಬಿಗಿಯುವಾಗ ಅಲ್ಯೂಮಿನಿಯಂ ಬಿರುಕು ಬಿಡಬಹುದು. ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. 6 ಮಿ.ಮೀ. ಸ್ಕ್ರೂಗೆ 8ರಿಂದ 10 ನ್ಯೂಟನ್ ಮೀಟರ್ ಸಾಕು. ತ್ರೆಡ್ ಹೋಗಿದ್ದರೆ ಹೆಲಿಕಾಯಿಲ್ (ಹೊಸ ತ್ರೆಡ್ ಆಗುವ ತಂತಿ ಸುರುಳಿ) ಹಾಕಿಸಿ, ದಪ್ಪ ಸ್ಕ್ರೂ ತುರುಕಬೇಡಿ. ಪ್ಯಾಕಿಂಗ್ ದಪ್ಪ ಬದಲಾದರೆ ಕ್ಲಚ್ ಒತ್ತುವ ಅಂತರವೂ ಬದಲಾಗುತ್ತದೆ, ಹಾಗಾಗಿ ಕ್ಲಚ್ ಮತ್ತೆ ಹೊಂದಿಸಿ.

ಹೊರಗೆ ಹನಿಯೂ ಇಲ್ಲ, ಆದರೂ ಎಣ್ಣೆ ಇಳಿಯುತ್ತಿದೆ, ಸೈಲೆನ್ಸರ್ ದಟ್ಟ ಹೊಗೆ ಉಗುಳುತ್ತಿದೆ ಎಂದಾದರೆ ಕವರನ್ನು ದೂರಬೇಡಿ. ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ದಂಡದ) ಎಡಬದಿಯ ಆಯಿಲ್ ಸೀಲ್ ಸವೆದು, ಎಂಜಿನ್ನೇ ಗೇರ್ ಎಣ್ಣೆಯನ್ನು ಒಳಗೆಳೆದು ಸುಡುತ್ತಿದೆ.