ಪಿತ್ತಕೋಶ ಕಾಣ್ಲಿಲ್ಲ ಅಂದ್ರೆ ಏನರ್ಥ?

ಸಕಲೇಶಪುರದ ನಮ್ಮ ಚಿಕ್ಕಮ್ಮಂಗೆ ಬಲಪಕ್ಕೆ ಕೆಳಗೆ ಹಿಡ್ಕೊಂಡಾಗ ಮನೇಲಿ ಎಲ್ರೂ ಪಿತ್ತ ಜಾಸ್ತಿಯಾಗಿದೆ ಅಂತ ಜೀರಿಗೆ ಕಷಾಯ ಕುಡಿಸಿ ಒಂದು ದಿನ ಕಳೆದ್ರು, ಆಮೇಲೆ ಆಸ್ಪತ್ರೆ, ಮೂರು ದಿನ ಬರೀ ಡ್ರಿಪ್ಪು, ಕೊನೆಗೆ ಮಂಗಳೂರಲ್ಲಿ ಹೈಡಾ ಸ್ಕ್ಯಾನು. ಒಂದು ಗಂಟೆಯಾದ್ರೂ ಪಿತ್ತಕೋಶ ಕಾಣ್ತಿಲ್ಲ ಅಂದಿದ್ದಕ್ಕೆ ಚಿಕ್ಕಪ್ಪ ನಂಗೆ ಫೋನ್ ಮಾಡಿ "ಕರಗೇ ಹೋಗಿದ್ಯಂತೆ ಕಣೋ" ಅಂದ್ರು.

ಕರಗೋದೂ ಇಲ್ಲ ಎಂಥದೂ ಇಲ್ಲ! ಅಂಗದ ಆಕಾರ, ಕಲ್ಲು ಎಲ್ಲ ನೋಡೋಕೆ ಅಲ್ಟ್ರಾಸೌಂಡ್ ಇದೆ. ಹೈಡಾದಲ್ಲಿ ನೋಡೋದು ಪಿತ್ತರಸದ ಹರಿವು. ವಿಕಿರಣ ಸೂಸೋ ಟೆಕ್ನೀಷಿಯಮ್-99ಎಂ ಸೇರಿಸಿದ ಮೆಬ್ರೊಫೆನಿನ್ ಅನ್ನೋ ಔಷಧಿ ಚುಚ್ತಾರೆ, ಲಿವರ್ ಅದನ್ನ ಬಿಲಿರುಬಿನ್ (ಪಿತ್ತರಸದ ಹಳದಿ ಬಣ್ಣ) ಥರಾನೇ ಎಳ್ಕೊಂಡು ಪಿತ್ತರಸಕ್ಕೆ ಬಿಡುತ್ತೆ, ಅದು ಹೋದಲ್ಲೆಲ್ಲಾ ಆ ವಿಕಿರಣವನ್ನ ಗಾಮಾ ಕ್ಯಾಮೆರಾ ಹಿಡಿಯುತ್ತೆ. ಈ ಟೆಕ್ನೀಷಿಯಮ್ ಕಥೆನೇ ಚಂದ, 1937ರಲ್ಲಿ ಇಟಲಿಯ ಪೆರಿಯರ್, ಸೆಗ್ರೆ ಇಬ್ರೂ ಅಮೆರಿಕದ ಬರ್ಕ್ಲಿಯ ಸೈಕ್ಲೊಟ್ರಾನಿಂದ (ಕಣಗಳನ್ನ ಜೋರಾಗಿ ಓಡಿಸೋ ಯಂತ್ರ) ಬಂದಿದ್ದ ಮಾಲಿಬ್ಡಿನಮ್ ತಗಡಲ್ಲಿ ಕಂಡುಹಿಡಿದಿದ್ದು. 99ಎಂ 6 ಗಂಟೆಗೆ ಅರ್ಧ ಖಾಲಿ, ಅದಕ್ಕೇ ಆಸ್ಪತ್ರೆಗಳಲ್ಲಿ ಮಾಲಿಬ್ಡಿನಮ್-99 ತುಂಬಿದ 'ಹಸು' ಇಟ್ಕೊಂಡು ಅದರಿಂದ ಹುಟ್ಟೋ 99ಎಂ ಬೇಕಾದಾಗ ಕರ್ಕೋತಾರೆ, ತಮಾಷೆಯಲ್ಲ, ಆ ಡಬ್ಬಕ್ಕೆ ಹಸು ಅಂತಾನೇ ಅಡ್ಡಹೆಸರು.

ಈಗ ಕಾಫಿ ತೋಟದ ಪೈಪ್‌ಲೈನ್ ನೆನೆಸ್ಕೊಳ್ಳಿ. ಲಿವರ್ರೇ ಮೋಟರು, ಮೇನ್ ಲೈನ್ ಹೋಗೋದು ಕರುಳಿಗೆ, ಮಧ್ಯೆ ಒಂದು ಸಣ್ಣ ಪಕ್ಕದ ಲೈನು, ಅದರ ತುದೀಲಿರೋ ಟ್ಯಾಂಕೇ ಪಿತ್ತಕೋಶ. ಮೇನ್ ಲೈನ್ ಕೊನೇಲಿ ಗೇಟ್ ವಾಲ್ವು. ಕರುಳಿಗೆ ನೀರು ಹೋಗ್ತಿದೆ, ಟ್ಯಾಂಕಿಗೆ ಮಾತ್ರ ಹನಿಯೂ ಇಲ್ಲ ಅಂದ್ರೆ ಪಕ್ಕದ ಲೈನಲ್ಲಿ ಕಲ್ಲು ಸಿಕ್ಕಿರಬಹುದು, ಅಂದ್ರೆ ಪಿತ್ತಕೋಶದ ಊತ. ಖಾತ್ರಿ ಮಾಡ್ಕೊಳ್ಳೋಕೆ ಸ್ವಲ್ಪ ಮಾರ್ಫಿನ್ ಕೊಡ್ತಾರೆ. ನೋವಿಗಲ್ಲ! ಅದು ಆ ವಾಲ್ವ್ ಬಿಗಿ ಮಾಡುತ್ತೆ, ನೀರು ಹಿಂದಕ್ಕೆ ಒತ್ತಿ ಟ್ಯಾಂಕಿನ ಕಡೆ ನುಗ್ಗುತ್ತೆ, ಇನ್ನರ್ಧ ಗಂಟೇಲೂ ತುಂಬದಿದ್ರೆ ಲೈನ್ ಕಟ್ಟಿದೆ ಅಂತ ಲೆಕ್ಕ. ಮಾರ್ಫಿನ್ ಬೇಡ ಅಂದ್ರೆ 4 ಗಂಟೆವರೆಗೂ ಕಾದು ನೋಡ್ತಾರೆ.

ಆದ್ರೆ ಟ್ಯಾಂಕ್ ಮೊದಲೇ ತುಂಬಿದ್ರೆ? ಜಿಡ್ಡಿನ ಊಟ ಮಾಡಿದಾಗ ಪಿತ್ತಕೋಶ ಹಿಂಡ್ಕೊಂಡು ಖಾಲಿಯಾಗುತ್ತೆ. ಹಿಂಡ್ಕೊಂಡಿರುವಾಗ ಹೊಸದು ಒಳಗೆ ಬರಲ್ಲ, ಅದಕ್ಕೇ ಸ್ಕ್ಯಾನಿಗೆ ಮುಂಚೆ 4 ಗಂಟೆಯಾದ್ರೂ ಉಪವಾಸ ಇರಬೇಕು, ಆದ್ರೆ 24 ಗಂಟೆ ಮೀರಿದ್ರೆ ಹಳೇ ಗಟ್ಟಿ ಪಿತ್ತರಸ ತುಂಬ್ಕೊಂಡು ಹೊಸದಕ್ಕೆ ಜಾಗಾನೇ ಇರಲ್ಲ, ಲೈನ್ ಸರಿಯಿದ್ರೂ ಸ್ಕ್ಯಾನಲ್ಲಿ ಕಟ್ಟಿದ ಹಾಗೇ ಕಾಣುತ್ತೆ. ಗೊತ್ತಿರೋರು ಮೊದಲೇ ಪಿತ್ತಕೋಶ ಹಿಂಡಿಸೋ ಸಿಂಕಲೈಡ್ ಅನ್ನೋ ಔಷಧಿ ಕೊಟ್ಟು ಖಾಲಿ ಮಾಡಿಸ್ತಾರೆ.

"ಚಿಕ್ಕಮ್ಮ ಊಟ ಮಾಡಿ ಎಷ್ಟು ದಿನ ಆಯ್ತು ಅಂತ ಹೇಳಿದ್ರಾ?" ಅಂದೆ. ಹೇಳಿರಲಿಲ್ಲ. ಯಾರೂ ಕೇಳಿರಲೂ ಇಲ್ಲ. ಚಿಕ್ಕಪ್ಪ ಫೋನ್ ಹಿಡ್ಕೊಂಡೇ ಒಳಗೆ ಹೋದ್ರು.

ಮಧ್ಯಾಹ್ನ, ಸ್ಕ್ಯಾನಿನ ಇಂಜೆಕ್ಷನ್ ಆಗಿ ಮೂರೂವರೆ ಗಂಟೆಗೆ, ಮತ್ತೆ ಫೋನು. "ಬಂತು ಕಣೋ, ಕಾಫಿ ಬೀಜದಷ್ಟು." ತಡವಾಗಿ ಬಂದಿದ್ದಕ್ಕೆ ಹಳೇ ಊತವೂ ಇರಬಹುದು, ಅದು ಬೇರೆ ವಿಷಯ. ಲೈನಂತೂ ಪೂರ್ತಿ ಕಟ್ಟಿರಲಿಲ್ಲ.