ಆ ಗಡ್ಡೆ ಆ ಪ್ರಾಣಿಯದಲ್ಲ

ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾ ದ್ವೀಪದ ಮಾಂಸಾಹಾರಿ ಪ್ರಾಣಿಗಳಾದ ಟ್ಯಾಸ್ಮೇನಿಯನ್ ಡೆವಿಲ್‌ಗಳ ಮುಖದ ಗಡ್ಡೆ ರೋಗದ ಬಗ್ಗೆ ಎಲ್ಲಿ ಮಾತಾಡಿದರೂ ಕೊನೆಗೆ ಒಂದೇ ಪ್ರಶ್ನೆ ಬರುತ್ತದೆ. "ಸರಿ, ಅದನ್ನು ಹರಡೋ ವೈರಸ್ ಯಾವುದು?" ವೈರಸ್ ಅಲ್ಲ ಎಂದು ಮಾತಿನುದ್ದಕ್ಕೂ ಹೇಳಿದ ಮೇಲೂ ಬರುತ್ತದೆ. ಜೀವಶಾಸ್ತ್ರ ಓದಿದವರೂ ಕೇಳುತ್ತಾರೆ. ಹಾಗಾಗಿ ಈ ಸಲ ಅದೊಂದನ್ನೇ ಹಿಡಿದು ಕೂರುತ್ತೇನೆ.

ಹರಡುವುದು ಕ್ಯಾನ್ಸರ್ ಕೋಶವೇ. ಕೋಶದೊಳಗಿನ ಯಾವುದೋ ಕ್ರಿಮಿಯಲ್ಲ, ಕೋಶವೇ. ಡೆವಿಲ್‌ಗಳು ಸತ್ತ ಪ್ರಾಣಿಯನ್ನು ಹರಿದು ತಿನ್ನುವಾಗ ಕಚ್ಚಾಡುತ್ತವೆ, ಬೆದೆಯ ಕಾಲದಲ್ಲಂತೂ ಇನ್ನೂ ಜಾಸ್ತಿ. ಆಗ ಒಂದರ ಗಡ್ಡೆಯ ಜೀವಂತ ಕೋಶಗಳು ಇನ್ನೊಂದಕ್ಕೆ ದಾಟಿ, ಅಲ್ಲೇ ಬೇರೂರಿ ಬೆಳೆಯುತ್ತವೆ. ಕಸಿ ಕಟ್ಟಿದ ಗಿಡ ನೋಡಿದ್ದೀರಲ್ವಾ? ಬೇರು ಒಂದು ಗಿಡದ್ದು, ಹೂವು ಇನ್ನೊಂದರದು. ಇಲ್ಲೂ ಮೈ ಒಂದು ಡೆವಿಲ್‌ನದು, ಗಡ್ಡೆ ಎಂದೋ ಸತ್ತುಹೋದ ಇನ್ನೊಂದು ಡೆವಿಲ್‌ನದು.

ಗೊಂದಲ ಎಲ್ಲಿಂದ ಬರುತ್ತದೆ ಅಂತ ನನಗೆ ಗೊತ್ತು. ಗರ್ಭಕಂಠದ ಕ್ಯಾನ್ಸರ್ ತರುವ ಎಚ್‌ಪಿವಿ ಬಗ್ಗೆ ಎಲ್ಲರೂ ಕೇಳಿರುತ್ತಾರೆ. ಅಲ್ಲಿ ಅಂಟುವುದು ವೈರಸ್. ಕ್ಯಾನ್ಸರ್ ಆಗುವುದು ಮಾತ್ರ ಆಯಾ ಮಹಿಳೆಯ ಸ್ವಂತ ಕೋಶ. ಒಮ್ಮೆ ಉಪನ್ಯಾಸ ಮುಗಿದ ಮೇಲೆ ಒಬ್ಬರು ಎಲ್ಲರೂ ಹೋಗುವ ತನಕ ಕಾದು, "ನನ್ನ ತಂಗಿಗೆ ಕ್ಯಾನ್ಸರ್ ಇದೆ, ಅವಳ ಹತ್ತಿರ ಮಲಗಬಹುದಾ?" ಎಂದು ಮೆಲ್ಲಗೆ ಕೇಳಿದರು. ಧಾರಾಳವಾಗಿ ಮಲಗಿ, ತಬ್ಬಿಕೊಳ್ಳಿ ಅಂದೆ. ಡೆವಿಲ್‌ನ ಕಥೆ ಕೇಳಿ ಯಾರೂ ಮನೆಯವರಿಂದ ದೂರ ಸರಿಯಬಾರದು.

ಇನ್ನು ಪುರಾವೆ. ಈ ರೋಗ ಮೊದಲು ಕಂಡದ್ದು 1996ರಲ್ಲಿ, ಟ್ಯಾಸ್ಮೇನಿಯಾದ ಈಶಾನ್ಯ ಮೂಲೆಯಲ್ಲಿ. ಹತ್ತು ವರ್ಷದ ಬಳಿಕ, 2006ರಲ್ಲಿ, ಆನ್ ಮೇರಿ ಪಿಯರ್ಸ್ ಮತ್ತು ಕೇಟ್ ಸ್ವಿಫ್ಟ್ ಎಂಬ ವಿಜ್ಞಾನಿಗಳು ಗಡ್ಡೆಗಳ ಕ್ರೋಮೋಸೋಮ್, ಅಂದರೆ ಕೋಶದೊಳಗಿನ ಡಿಎನ್‌ಎ ಕಟ್ಟುಗಳನ್ನು, ನೋಡಿದರು. ಡೆವಿಲ್‌ಗೆ 14 ಕ್ರೋಮೋಸೋಮ್. ಗಡ್ಡೆಗಳಲ್ಲಿ ಇದ್ದದ್ದು 13, ಅದೂ ಮುರಿದು ಕಲಸಿಹೋದವು. ಆದರೆ ಬೇರೆ ಬೇರೆ ಪ್ರಾಣಿಗಳ ಗಡ್ಡೆಗಳಲ್ಲಿ ಒಂದೇ ರೀತಿ ಕಲಸಿದ್ದವು! ನನಗೆ ಇದಕ್ಕಿಂತ ಇಷ್ಟವಾದ ಪುರಾವೆ ಇನ್ನೊಂದಿದೆ. ಅವರು ನೋಡಿದ ಒಂದು ಡೆವಿಲ್‌ನ 5ನೇ ಕ್ರೋಮೋಸೋಮಿನ ಒಂದು ತುಂಡು ಹುಟ್ಟಿನಿಂದಲೇ ತಿರುವುಮುರುವಾಗಿತ್ತು. ಗಡ್ಡೆ ಅದರದೇ ಕೋಶದಿಂದ ಬೆಳೆದಿದ್ದರೆ ಆ ತಿರುವು ಗಡ್ಡೆಯಲ್ಲೂ ಇರಬೇಕಿತ್ತು. ಇರಲಿಲ್ಲ. ವೈರಸ್ ಬಂದು ಅದರ ಕೋಶವನ್ನು ಕೆಡಿಸಿದ್ದರೂ ಆ ತಿರುವು ಉಳಿಯಲೇಬೇಕಿತ್ತು. ದಯವಿಟ್ಟು ಈ ಸಾಲನ್ನು ಇನ್ನೊಮ್ಮೆ ಓದಿ.

ಮುಂದೆ ತಿಳಿದದ್ದು ಇಷ್ಟು: ಈ ಗಡ್ಡೆಗಳಿಗೆಲ್ಲ ಮೂಲವಾದ ಮೊದಲ ಕೋಶ ಒಂದು ಹೆಣ್ಣು ಡೆವಿಲ್‌ನ ನರಗಳಿಗೆ ಹೊದಿಕೆ ಕೊಡುವ ಶ್ವಾನ್ ಕೋಶ. ಹುಟ್ಟಿದ್ದು 1980ರ ದಶಕದಲ್ಲಿ ಎಂಬುದು ಈಗಿನ ಅಂದಾಜು.

ಪರರ ಕೋಶ ಬಂದರೆ ಮೈ ಸುಮ್ನೆ ಬಿಡುತ್ತದಾ? "ಡೆವಿಲ್‌ಗಳೆಲ್ಲ ಹತ್ತಿರದ ಸಂಬಂಧಿಗಳು, ಅದಕ್ಕೇ ಗುರುತು ಸಿಗಲ್ಲ" ಎನ್ನುತ್ತಾರೆ. ಅವುಗಳ ತಳಿವೈವಿಧ್ಯ ಕಡಿಮೆ, ನಿಜ. ಆದರೆ ಒಂದರ ಚರ್ಮವನ್ನು ಇನ್ನೊಂದಕ್ಕೆ ಕಸಿ ಮಾಡಿ ನೋಡಿದಾಗ ಮೈ ಅದನ್ನು ತಿರಸ್ಕರಿಸಿತು. ಅಂದರೆ ಪರಕೀಯರ ಗುರುತು ಹಿಡಿಯುವ ಶಕ್ತಿ ಇದೆ. ಗಡ್ಡೆಯೇ ಗುರುತು ಮರೆಸುತ್ತದೆ. ಕೋಶದ ಮೇಲೆ ಗುರುತಾಗಿ ನಿಲ್ಲುವ ಎಂಎಚ್‌ಸಿ ಅಣುಗಳನ್ನು ಅದು ತೋರಿಸುವುದೇ ಇಲ್ಲ. ಆ ಜೀನ್‌ಗಳು ಕಳೆದುಹೋಗಿಲ್ಲ, ಬರೀ ಆಫ್ ಆಗಿವೆ. ಪ್ರಯೋಗಾಲಯದಲ್ಲಿ ಇಂಟರ್‌ಫೆರಾನ್ ಗಾಮಾ ಎಂಬ, ಮೈಯ ರಕ್ಷಣಾ ವ್ಯವಸ್ಥೆಯ ಸಂದೇಶದ ಪ್ರೋಟೀನ್ ಕೊಟ್ಟರೆ ಆ ಅಣುಗಳು ಮತ್ತೆ ಕಾಣಿಸಿಕೊಳ್ಳುತ್ತವೆ. ಲಸಿಕೆಯ ಆಸೆ ಹುಟ್ಟಿದ್ದೂ ಇಲ್ಲಿಂದಲೇ. ಆದರೆ ಲ್ಯಾಬಿನ ತಟ್ಟೆಯಲ್ಲಿ ಆದದ್ದು ಕಾಡಿನಲ್ಲಿ ಆಗಿಬಿಡುತ್ತದೆ ಎಂದು ಮಾತು ಕೊಡಲಾರೆ. ಕೆಲವು ಪ್ರಾಣಿಗಳಲ್ಲಿ ಗಡ್ಡೆ ತಾನಾಗಿ ಕರಗಿದೆ. ಅಂಥವು ತೀರಾ ಕಡಿಮೆ.

2014ರಲ್ಲಿ ಆಗ್ನೇಯ ಭಾಗದಲ್ಲಿ ಎರಡನೆಯ ಗಡ್ಡೆ ಸಿಕ್ಕಿತು. ನೋಡಲು ಹೆಚ್ಚುಕಮ್ಮಿ ಹಾಗೇ, ಆದರೆ ಅದರಲ್ಲಿ ವೈ ಕ್ರೋಮೋಸೋಮ್ ಇತ್ತು. ಮೊದಲನೆಯದು ಹೆಣ್ಣಿನದು, ಇದು ಗಂಡಿನದು. ಎರಡಕ್ಕೂ ಸಂಬಂಧವಿಲ್ಲ.

ಈ ಕ್ಷೇತ್ರಕ್ಕೆ ಬರುವ ಹುಡುಗ ಹುಡುಗಿಯರು ಗಡ್ಡೆಯ ಮಾದರಿ ಮಾತ್ರ ತಂದು ಡಿಎನ್‌ಎ ಓದಲು ಹೊರಡುತ್ತಾರೆ. ಸಾಲದು ಮಾರಾಯ್ರೇ. ಅದೇ ಪ್ರಾಣಿಯ ಆರೋಗ್ಯವಂತ ಅಂಗಾಂಶವೂ ಜೊತೆಗೆ ಬೇಕು, ಕಿವಿಯಂಚಿನ ಒಂದು ಚೂರಾದರೂ ಸಾಕು. ಗಡ್ಡೆಯೊಳಗೆ ಆ ಪ್ರಾಣಿಯ ರಕ್ತನಾಳದ, ರಕ್ತದ ಕೋಶಗಳೂ ಬೆರೆತಿರುತ್ತವೆ. ಹೋಲಿಸಲು ಅದರದೇ ಡಿಎನ್‌ಎ ಇಲ್ಲದಿದ್ದರೆ ಯಾವುದು ಗಡ್ಡೆಯದು, ಯಾವುದು ಪ್ರಾಣಿಯದು ಎಂದು ಬಿಡಿಸಿ ಹೇಳುವುದು ಕಷ್ಟ.